ಐರ್ಲೆಂಡಿನ ಉಚ್ಚಾರಣೆ

ತಿಯೇರ್, ಫ್ರಾನ್ಸ್
೪ ಅಕ್ಟೋಬರ್ ೧೯೭೯

ಪ್ರೀತಿಯ ನೂಲಕ್ಕನಿಗೆ,

ಸುಖವಾಗಿ ಬಂದು ಸೇರಿದೆ. ಪೆಟ್ಟಿಗೆಯೂ ಸೇರಿತು, ಅದರ ಹಿಡಿ ಮಾತ್ರ ಪ್ಯಾರಿಸ್ಸಿನ ಸ್ಟೇಷನ್ನಿನಲ್ಲಿ ಕಿತ್ತು ಕೈಗೆ ಬಂತು. ಅಪ್ಪನಿಗೆ ಈ ಕಾಗದ ಓದಿ ಹೇಳುವಾಗ ಕೆಳಗೆ ನಾನು ಎಳೆದ ಗೆರೆಯವರೆಗೆ ಮಾತ್ರ ಓದು.

ಊರೆಲ್ಲ ಗುಡ್ಡಕ್ಕೆ ಅಂಟಿಕೊಂಡಿದೆ. ಬ್ರೆಡ್ ತರಲು ಹೋದರೂ ಏದುಸಿರು ಬರುತ್ತದೆ. ಮನೆಗೊಬ್ಬರಾದರೂ ಚಾಕು ಮಾಡುವವರೇ. ನನಗೆ ಕೋಣೆ ಕೊಟ್ಟಿರುವ ಮದಾಮ್ ಪಿರೇರ್ ಎಂಬ ಮುದುಕಿಯ ಗಂಡ ಬದುಕೆಲ್ಲ ಹಲಗೆಯ ಮೇಲೆ ಬೋರಲು ಮಲಗಿ, ಚಳಿಗೆ ಕಾಲಿನ ಮೇಲೆ ನಾಯಿ ಮಲಗಿಸಿಕೊಂಡು, ಚಾಕುಗಳಿಗೆ ಸಾಣೆ ಹಿಡಿದವನಂತೆ. ಅವನು ತೀರಿಕೊಂಡಿದ್ದಾನೆ. ಆ ನಾಯಿಯ ಮೊಮ್ಮಗ ಇದ್ದಾನೆ, ನಾನು ಬಂದಂದಿನಿಂದ ನನ್ನ ಕಾಲಿನ ಮೇಲೆ ಮಲಗುತ್ತಾನೆ. ಊಟಕ್ಕೆ ಎಲೆಕೋಸಿನ ಸೂಪು, ನೀಲಿ ಗೆರೆಯ ಚೀಸು. ಹೊಟ್ಟೆಗೇನೂ ಕಡಿಮೆಯಿಲ್ಲ.

ಅಪ್ಪನಿಗೆ ಹೇಳು: ಇಲ್ಲಿಯ ಗುಡ್ಡಗಳಲ್ಲಿ ಮೇಯುವ ದನಗಳು ಇಟ್ಟಿಗೆಯ ಬಣ್ಣದವು, ಉದ್ದ ಕೊಂಬಿನವು. ನಮ್ಮ ಬ್ಯಾಲಿಮೋಟ್ ಸಂತೆಗೆ ಇವುಗಳಲ್ಲಿ ಒಂದು ಬಂದರೆ ಅಪ್ಪ ಹರಾಜು ಕೂಗುವುದನ್ನೇ ಮರೆತು ನೋಡುತ್ತ ನಿಂತಾರು.

______

ಇನ್ನು ಇದು ನಿನಗೆ ಮಾತ್ರ.

ಸ್ಟೇಷನ್ನಿಗೆ ಬಂದವರು ಶಾಲೆಯ ಇಂಗ್ಲಿಷ್ ಟೀಚರ್ ಮದಾಮ್ ವಾಶ್ರೋ. ಗುಡ್ಡ ಹತ್ತುವಷ್ಟು ಹೊತ್ತೂ ಅವರ ಜೊತೆ ಫ್ರೆಂಚಿನಲ್ಲಿ ಮಾತಾಡಿದೆ. ಒಂದು ಕಡೆಯೂ ಉಗ್ಗಲಿಲ್ಲ. ನಿನಗೆ ಗೊತ್ತಲ್ಲ, ಫ್ರೆಂಚಿನಲ್ಲಿ ನಾನು ಬೇರೆ ಯಾರೋ, ಅವಳಿಗೆ ಉಗ್ಗಿಲ್ಲ. ಮದಾಮ್ ಹಿಗ್ಗಿಹೋದರು. "ನಮ್ಮ ಮಕ್ಕಳು ಇಲ್ಲೀವರೆಗೆ ಇಂಗ್ಲಿಷ್ ಕೇಳಿದ್ದು ನನ್ನ ಬಾಯಲ್ಲಿ, ಇಲ್ಲಾ ಟೇಪಲ್ಲಿ. ಈಗ ನಿಜವಾದ ಬಾಯಿ ಬಂತು" ಎಂದರು. ಆಮೇಲೆ ನಿಯಮ ಹೇಳಿದರು. "ಕ್ಲಾಸಲ್ಲಿ ನೀವು ಒಂದೇ ಒಂದು ಫ್ರೆಂಚ್ ಮಾತು ಆಡಬಾರ್ದು. ನಿಮಗೆ ಫ್ರೆಂಚೇ ಬರಲ್ಲ ಅಂತ ಮಕ್ಕಳು ನಂಬಬೇಕು."

ಅಕ್ಕಾ, ಮಕ್ಕಳಿಗೆ ಇಂಗ್ಲಿಷ್ ಮಾತಾಡಿಸುವ ಈ ಕೆಲಸಕ್ಕೆ ನನ್ನನ್ನು ಆರಿಸಿದ್ದು ಕಾಗದ ನೋಡಿ. ನನ್ನ ಇಂಗ್ಲಿಷನ್ನು ಯಾರೂ ಕೇಳಲೇ ಇಲ್ಲ, ಅದರಲ್ಲಿ ಉಗ್ಗುತ್ತೇನೆ ಎಂದು ನಾನೂ ಹೇಳಲಿಲ್ಲ. ಈ ವಾರ ಹಿಂದಿನ ಬೆಂಚಿನಲ್ಲಿ ಕೂತು ನೋಡಿದರೆ ಸಾಕಂತೆ. ಮುಂದಿನ ವಾರದಿಂದ ಪುಟ್ಟ ತರಗತಿಯ ಅರ್ಧ ಮಕ್ಕಳು ನನ್ನ ಕೈಗೆ.

ನಿನ್ನ ತಂಗಿ,
ಡಿಂಪ್ನಾ


ಬ್ಯಾಲಿಮೋಟ್, ಐರ್ಲೆಂಡ್
೧೫ ಅಕ್ಟೋಬರ್ ೧೯೭೯

ಪ್ರೀತಿಯ ಡಿಂಪ್ನಾ,

ಕಾಗದ ಬಂತು. ಗೆರೆಯವರೆಗೆ ಓದಿದೆ. ಅಪ್ಪನಿಗೆ ಓದುಬರಹ ಅಷ್ಟಕ್ಕಷ್ಟೇ ಆದರೂ ಕಾಗದ ಎಷ್ಟುದ್ದ ಇದೆ ಎನ್ನುವುದು ಕಣ್ಣಿಗೆ ಕಾಣುತ್ತದಲ್ಲ. "ಇಷ್ಟೇನಾ?" ಎಂದರು. "ಉಳಿದದ್ದು ಹೆಂಗಸರ ವಿಷಯ" ಎಂದೆ. ಕೆಮ್ಮಿ ಬೇರೆ ಕಡೆ ನೋಡಿದರು. ಆ ದನಗಳು ಎಷ್ಟು ಹಾಲು ಕೊಡುತ್ತವೆ ಎಂದು ವಿಚಾರಿಸಿ ಬರೆಯಬೇಕಂತೆ.

ನೀನೇಕೆ ಹೆದರುತ್ತೀ? ಆ ಮದಾಮ್‌ಗೆ ಹೇಳಿಬಿಡು. ನಿನ್ನಿಂದಾಗದಿದ್ದರೆ ನಾನೇ ಒಂದು ಕಾಗದ ಬರೆಯುತ್ತೇನೆ. ಇಂಗ್ಲಿಷ್ ಟೀಚರ್ ತಾನೇ, ಓದಿಕೊಳ್ಳಲಿ. ನೀನು ಶಾಲೆಗೆ ಸೇರಿದ ದಿನ ನಿನ್ನ ಹೆಸರು ಹೇಳಿದವಳು ನಾನು. ಅಂಗಡಿಯಲ್ಲಿ, ಡಾಕ್ಟರ ಹತ್ತಿರ, ಪಾದ್ರಿಗಳ ಹತ್ತಿರ, ಬಸ್ಸಿನಲ್ಲಿ, ಎಲ್ಲ ಕಡೆ ನಿನ್ನ ಮಾತು ಆಡಿದವಳು ನಾನು. ಇನ್ನೊಂದು ಸಾರಿ ಆಡಿದರೆ ನನ್ನ ನಾಲಿಗೆಯೇನೂ ಸವೆದುಹೋಗುವುದಿಲ್ಲ.

ನಮ್ಮಲ್ಲಿ ಹೊಸದೇನಿಲ್ಲ. ಹೋಟೆಲಿನಲ್ಲಿ ಕೆಲಸ ಜಾಸ್ತಿ, ಮದುವೆಗಳ ಕಾಲ. ಮೊನ್ನೆಯ ಮದುಮಗಳು ಕೇಕು ಕತ್ತರಿಸುವ ಮೊದಲೇ ಅತ್ತೆಯ ಜೊತೆ ಜಗಳ ಶುರುಮಾಡಿದಳು. ನಾನು ಕೌಂಟರಿನ ಹಿಂದೆ ಕೂತು ನಗು ತಡೆದುಕೊಳ್ಳುವಷ್ಟರಲ್ಲಿ ಸಾಕಾಯಿತು. ನನ್ನ ಫರ್ಗಲ್‌ಗೆ ಕಾರ್ಕ್ ಊರಿಗೆ ವರ್ಗವಾಯಿತು. ಹೊಳೆ ಹೂಳೆತ್ತುವ ಕೆಲಸ ಅಲ್ಲೂ ಇದೆಯಂತೆ. ಬರೆಯುತ್ತೇನೆ ಎಂದಿದ್ದಾನೆ. ನೀನೇನೂ ಕನಿಕರ ಪಡಬೇಡ, ನಾನು ಆರಾಮಾಗಿದ್ದೇನೆ.

ಚೆನ್ನಾಗಿ ತಿನ್ನು. ಆ ಮದಾಮ್ ವಿಳಾಸ ಕಳಿಸು.

ನೂಲಾ


ತಿಯೇರ್
೧೦ ನವೆಂಬರ್ ೧೯೭೯

ಪ್ರೀತಿಯ ಅಕ್ಕ,

ಇದರಲ್ಲಿ ಗೆರೆ ಎಳೆದಿಲ್ಲ, ಅಪ್ಪನಿಗೆ ಓದಲೇಬೇಡ.

ಮೊದಮೊದಲು ಹೇಗೋ ತಪ್ಪಿಸಿಕೊಂಡೆ. ಚಿತ್ರ ತೋರಿಸುತ್ತಿದ್ದೆ, ಹಲಗೆಯ ಮೇಲೆ ಬರೆಯುತ್ತಿದ್ದೆ, ಮಕ್ಕಳ ಕೈಲೇ ಓದಿಸುತ್ತಿದ್ದೆ. ನಾಲಿಗೆಗೆ ಸುಲಭವಾದ ಪದಗಳನ್ನು ಮಾತ್ರ ಆರಿಸಿಕೊಳ್ಳುತ್ತಿದ್ದೆ. ಮದಾಮ್ ವಾಶ್ರೋ ಬಾಗಿಲಲ್ಲಿ ನಿಂತು ನೋಡಿ, "ಮಾತು ಕಡಿಮೆ ಆಯ್ತು. ಅವರು ನಿಮ್ಮ ಬಾಯನ್ನ ಕೇಳ್ಬೇಕು" ಎಂದರು. ಮರುದಿನದ ಪಾಠ ತಿನ್ನುವ ವಸ್ತುಗಳದ್ದು. ಬ್ರೆಡ್, ಬಟರ್, ಪೊಟೇಟೋ. ನನ್ನ ವೈರಿಗಳೆಲ್ಲ ಒಂದೇ ಪುಟದಲ್ಲಿ ಕೂತಿದ್ದರು.

ಬೆಣ್ಣೆಯ ಚಿತ್ರ ಎತ್ತಿ ಹಿಡಿದು, ನಾನು ಹೇಳಿದಂತೆ ಹೇಳಿ ಎಂದು ಸನ್ನೆ ಮಾಡಿದೆ. ಬಾಯಿಂದ ಬಂದದ್ದು "ಬ-ಬ-ಬ-ಬಟರ್." ಮಕ್ಕಳು ನಗುತ್ತಾರೆ ಎಂದು ಕಣ್ಣು ಮುಚ್ಚಿಕೊಂಡೆ. ಯಾರೂ ನಗಲಿಲ್ಲ. ಎಲ್ಲರೂ ಒಟ್ಟಿಗೆ, ಪ್ರಾರ್ಥನೆ ಹೇಳುವಷ್ಟು ಭಕ್ತಿಯಿಂದ, "ಬ-ಬ-ಬ-ಬಟರ್" ಎಂದರು.

ಅಣಕವಲ್ಲ ಅಕ್ಕ. ಅಣಕ ನನಗೆ ಗೊತ್ತಿಲ್ಲವೇ. ಹನ್ನೊಂದು ವರ್ಷದ ಮಕ್ಕಳು. ಇಂಗ್ಲಿಷ್ ಹೀಗೇ ಇರುತ್ತದೆ ಎಂದು ನಂಬಿ, ಎಲ್ಲಿ ಎಷ್ಟು ಬ ಹೇಳಬೇಕೆಂದು ನನ್ನ ತುಟಿ ನೋಡಿ ಕಲಿಯುತ್ತಿದ್ದರು. ಗ್ರಾಸಾ ಎಂಬ ಪೋರ್ಚುಗಲ್ಲಿನ ಹುಡುಗಿ, ಚಾಕು ಕಾರ್ಖಾನೆಯ ಕೂಲಿಯವರ ಮಗಳು, ಪಕ್ಕದವಳು ಒಂದು ಬ ಕಡಿಮೆ ಹೇಳಿದಳೆಂದು ಅವಳನ್ನು ತಿದ್ದಿದಳು.

ಕೆಲವೇ ದಿನಗಳಲ್ಲಿ ಅದು ಮೆಟ್ಟಿಲಲ್ಲಿ, ಅಂಗಳದಲ್ಲಿ, ಊಟದ ಮನೆಯಲ್ಲಿ ಎಲ್ಲ ಕಡೆ ಕೇಳತೊಡಗಿತು. ಮದಾಮ್ ವಾಶ್ರೋ ನನ್ನನ್ನು ಪಕ್ಕಕ್ಕೆ ಕರೆದರು. ಹೋಯಿತು ಅಂದುಕೊಂಡೆ. ಅವರು ಬಹಳ ಕುತೂಹಲದಿಂದ ಕೇಳಿದರು. "ಮೊದಲಕ್ಷರಾನ ಹೀಗೆ ಎರಡೆರಡು ಸಾರಿ ಹೇಳೋದು ಐರ್ಲೆಂಡಿನ ಉಚ್ಚಾರಣೆಯೇನು? ನಿಮ್ಮ ಹಳೇ ಭಾಷೆಯಿಂದ ಬಂದಿದ್ದಾ?"

ನಾನು ಹೌದು ಎಂದೆ.

ಹೌದು ಎಂದುಬಿಟ್ಟೆ, ಅಕ್ಕಾ. ಅಂಥ ಸುಳ್ಳನ್ನೂ ಫ್ರೆಂಚಿನಲ್ಲಿ ಒಂದು ಚೂರೂ ತಡವರಿಸದೆ ಹೇಳಿದೆ. ಅವರು ಈಗ ಟೀಚರುಗಳ ಕೋಣೆಯಲ್ಲಿ ಎಲ್ಲರಿಗೂ ಅದನ್ನು ವಿವರಿಸುತ್ತಿದ್ದಾರೆ. ಚರಿತ್ರೆಯ ಮೇಷ್ಟ್ರು ಪುಸ್ತಕದಲ್ಲಿ ಬರೆದುಕೊಂಡರು.

ಡಿಂಪ್ನಾ


ಬ್ಯಾಲಿಮೋಟ್
೨೦ ನವೆಂಬರ್ ೧೯೭೯

ಪ್ರೀತಿಯ ಡಿಂಪ್ನಾ,

ನಕ್ಕೆ, ಸುಳ್ಳು ಹೇಳುವುದಿಲ್ಲ. ಚರಿತ್ರೆಯ ಮೇಷ್ಟ್ರ ಹತ್ತಿರ ಬಂದಾಗ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ಆ ನೀರು ನಿಲ್ಲಲಿಲ್ಲ.

ಸಾಕು ಕಣೇ. ಕ್ರಿಸ್‌ಮಸ್ಸಿಗೆ ಮನೆಗೆ ಬಾ, ಮತ್ತೆ ಹೋಗಬೇಡ. ಶಾಲೆಗೆ ನಾನು ಬರೆಯುತ್ತೇನೆ, ಆರೋಗ್ಯ ಸರಿಯಿಲ್ಲ ಅಂತ. ಇಲ್ಲಿ ಲೈಬ್ರರಿಯಲ್ಲಿ ಒಬ್ಬರು ಬೇಕಾಗಿದ್ದಾರೆ, ಅಲ್ಲಿ ಮಾತೇ ಆಡಬೇಕಾಗಿಲ್ಲ, ನಿನಗೆ ಹೇಳಿ ಮಾಡಿಸಿದ ಕೆಲಸ. ಆ ಊರಿನವರು ಏನಂದುಕೊಂಡರೆ ನಿನಗೇನು?

ನಾನೂ ನಿನ್ನ ಹತ್ತಿರ ಮಾತಾಡಬೇಕು. ಕಾಗದದಲ್ಲಿ ಬರೆಯುವಂಥದ್ದಲ್ಲ. ಅಂಥ ದೊಡ್ಡದೇನೂ ಅಲ್ಲ. ಬಂದ ಮೇಲೆ ಹೇಳುತ್ತೇನೆ.

ಟಿಕೆಟ್ ತೆಗೆಸಿ ದಿನ ತಿಳಿಸು. ಡಬ್ಲಿನ್‌ಗೆ ನಾನೇ ಬಂದು ಕರೆದುಕೊಂಡು ಬರುತ್ತೇನೆ.

ನೂಲಾ


ತಿಯೇರ್
೨ ಡಿಸೆಂಬರ್ ೧೯೭೯

ಅಕ್ಕಾ,

ಬರುವುದಿಲ್ಲ.

ಮಾತೇ ಆಡಬೇಕಾಗಿಲ್ಲದ ಕೆಲಸ ನನಗೆ ಹೇಳಿ ಮಾಡಿಸಿದ್ದು ಎಂದು ಬರೆದೆಯಲ್ಲ, ಅದನ್ನು ಓದಿ ಆ ದಿನ ನನಗೆ ಊಟ ಸೇರಲಿಲ್ಲ. ನಿನ್ನ ಮನಸ್ಸಿನಲ್ಲಿ ನಾನು ಅಷ್ಟೇ. ನಾನು ಬಾಯಿ ತೆರೆಯುವ ಮೊದಲೇ ನನ್ನ ಮಾತನ್ನು ನೀನು ಆಡಿ ಮುಗಿಸುತ್ತಿದ್ದೆ. ಅಪ್ಪನೂ ಅಷ್ಟೇ. ಇಡೀ ಜಿಲ್ಲೆಗೆ ಕೇಳುವಂತೆ ಹರಾಜು ಕೂಗುವವರು, ನಾನು ಮಾತಾಡತೊಡಗಿದರೆ ಟೋಪಿ ಹುಡುಕುತ್ತಿದ್ದರು. ನಾಚಿಕೆ ಅವರಿಗೆ. ನಿಮ್ಮಿಬ್ಬರ ನಡುವೆ ನಾನು ಉಗ್ಗದೆ ಇನ್ನೇನು ಮಾಡಲಿ?

ಇಲ್ಲಿ ಸುಳ್ಳು ಹೇಳಿದವಳು ನಾನು. ಅದನ್ನು ಸರಿಮಾಡಬೇಕಾದವಳೂ ನಾನೇ. ನೀನು ಶಾಲೆಗೆ ಒಂದು ಸಾಲನ್ನೂ ಬರೆಯಕೂಡದು.

ಡಿಂಪ್ನಾ


ಡಬ್ಲಿನ್
೧೯ ಡಿಸೆಂಬರ್ ೧೯೭೯

ಪ್ರೀತಿಯ ಡಿಂಪ್ನಾ,

ಹಬ್ಬದ ಶುಭಾಶಯಗಳು. ಅಪ್ಪ ಪುಡ್ಡಿಂಗ್ ಕಳಿಸಿದ್ದಾರೆ, ಬೇರೆ ಪಾರ್ಸೆಲಿನಲ್ಲಿ ಬರುತ್ತದೆ.

ನಾನು ಸ್ವಲ್ಪ ದಿನ ಫಿಲೊಮಿನಾ ಅತ್ತೆಯ ಮನೆಯಲ್ಲಿರುತ್ತೇನೆ. ಲೆಕ್ಕಪತ್ರದ ಕೋರ್ಸಿಗೆ ಸೇರಿದ್ದೇನೆ. ಹೋಟೆಲಿನ ಕೆಲಸ ಬಿಟ್ಟೆ. ಇನ್ನು ಮೇಲೆ ಈ ವಿಳಾಸಕ್ಕೆ ಬರೆ.

ಅಪ್ಪನಿಗೆ ಬರೆಯುವಾಗ ನೋಡಿಕೊಂಡು ಬರೆ. ಈಗ ಅವರ ಕಾಗದ ಓದಿ ಹೇಳುವವಳು ಪಕ್ಕದ ಮನೆಯ ಮಿಸೆಸ್ ಟಾನ್ಸಿ. ನೀನು ಗೆರೆ ಎಳೆದರೆ ಅವಳು ಗೆರೆಯ ಕೆಳಗಿನದ್ದನ್ನೇ ಮೊದಲು ಓದುತ್ತಾಳೆ. ಅವಳ ಬಾಯಿಗೆ ಬಿದ್ದದ್ದು ಊರ ಬಾಯಿಗೆ ಬಿದ್ದಂತೆ.

ನಿನ್ನ ಕಾಗದದಲ್ಲಿ ಬರೆದದ್ದರ ಬಗ್ಗೆ ನನಗೆ ಹೇಳುವುದೇನೂ ಇಲ್ಲ.

ನೂಲಾ


ತಿಯೇರ್
೧೩ ಜನವರಿ ೧೯೮೦

ಪ್ರೀತಿಯ ಅಕ್ಕ,

ಸಿಟ್ಟಿನಲ್ಲಿ ಬರೆದದ್ದನ್ನು ಹೊಟ್ಟೆಗೆ ಹಾಕಿಕೋ. ಬರೆದ ಮರುದಿನವೇ ಅಂಚೆಪೆಟ್ಟಿಗೆಯ ಮುಂದೆ ನಿಂತು ಕೈ ಹಿಸುಕಿಕೊಂಡೆ.

ಆದದ್ದನ್ನೆಲ್ಲ ಕೇಳು. ರಜೆಗೆ ಮೊದಲು ಶಾಲೆಗಳ ಇನ್ಸ್‌ಪೆಕ್ಟರ್ ಬರುತ್ತಾರೆಂದು ಸುದ್ದಿ ಬಂತು. ಮದಾಮ್ ವಾಶ್ರೋ ಮಕ್ಕಳ ಕೈಲಿ ಐರ್ಲೆಂಡಿನ ಉಚ್ಚಾರಣೆ ಒಪ್ಪಿಸಲು ತಯಾರಿ ಮಾಡತೊಡಗಿದರು. ಇನ್ನು ಸುಮ್ಮನಿದ್ದರೆ ಅವರ ಮಾನ ಹೋಗುತ್ತದೆ. ಸಂಜೆ ಶಾಲೆ ಬಿಟ್ಟ ಮೇಲೆ ಹೋಗಿ, "ಮದಾಮ್, ಅದು ಉಚ್ಚಾರಣೆ ಅಲ್ಲ, ಉಗ್ಗು. ನಾನು ಸುಳ್ಳು ಹೇಳಿದೆ" ಎಂದೆ.

ಅವರು ತುಂಬಾ ಹೊತ್ತು ಚಾಕ್‌ಪೀಸಿನ ಪುಡಿ ಕೊಡವುತ್ತ ನಿಂತರು. "ನನ್ನ ಜೊತೆ ನೀರು ಕುಡಿದಷ್ಟು ಸಲೀಸಾಗಿ ಮಾತಾಡ್ತೀರಲ್ಲ."

"ಫ್ರೆಂಚಲ್ಲಿ ಉಗ್ಗು ಬರಲ್ಲ. ಇಂಗ್ಲಿಷಲ್ಲಿ ಬರತ್ತೆ."

"ಅಂದ್ರೆ ನನ್ನ ಬೆನ್ನ ಹಿಂದೆ ನಗ್ತಾ ಇದ್ರಿ."

"ಇಲ್ಲ ಮದಾಮ್. ಅಳ್ತಾ ಇದ್ದೆ."

ಅವರು ಕೋಟು ಹಾಕಿಕೊಂಡರು. "ಇನ್ಸ್‌ಪೆಕ್ಟರ್ ಬರೋ ದಿನ ನೀವು ಮನೇಲಿರಿ" ಎಂದು ಹೊರಟುಹೋದರು. ಅವರದ್ದು ತಪ್ಪೆಂದು ಹೇಗೆ ಹೇಳಲಿ? ನನ್ನ ಮಾತು ನಂಬಿ ಎಲ್ಲರ ಮುಂದೆ ಪಾಠ ಮಾಡಿದ್ದರು.

ಮಕ್ಕಳಿಗೆ ಮಾತ್ರ ನಾನೇ ಹೇಳಬೇಕು ಅನಿಸಿತು. ಅದೂ ಇಂಗ್ಲಿಷಿನಲ್ಲಿ. ನಿಯಮ ನಿಯಮವೇ. ಮರುದಿನ ಕುರ್ಚಿ ಎಳೆದುಕೊಂಡು ಅವರ ನಡುವೆ ಕೂತೆ. ಸಣ್ಣ ಸಣ್ಣ ಮಾತಿನಲ್ಲಿ ಹೇಳಿದೆ. ಬಟರ್ ಎಂದರೆ ಒಂದೇ ಬ. ಉಳಿದ ಬ ಎಲ್ಲ ನನ್ನವು. ನನ್ನ ಬಾಯಲ್ಲಿ ಮಾತು ಸಿಕ್ಕಿಕೊಳ್ಳುತ್ತದೆ. ಇಷ್ಟು ಹೇಳುವುದಕ್ಕೆ ಅರ್ಧ ಪೀರಿಯಡ್ ಹಿಡಿಯಿತು. ಒಂದೊಂದು ಪದಕ್ಕೂ ಕಲ್ಲು ಎತ್ತಿದಂತಾಗಿ ಬೆನ್ನೆಲ್ಲ ಬೆವರಿತು. 

ಆಗ ಗ್ರಾಸಾ ಕೈ ಎತ್ತಿದಳು. ಪುಸ್ತಕದಲ್ಲಿ ಇಲ್ಲದ ಮಾತು, ಯಾರೂ ಹೇಳಿಕೊಡದ ಮಾತು. ಒಳಗೊಳಗೇ ಜೋಡಿಸಿಕೊಂಡು ಇಂಗ್ಲಿಷಿನಲ್ಲಿ ಕೇಳಿದಳು, "ಮಿಸ್, ಅದು ನೋಯತ್ತಾ?"

ಅಕ್ಕಾ, ಈ ಊರಿಗೆ ಬಂದ ಮೇಲೆ ಮಕ್ಕಳು ಇಂಗ್ಲಿಷಿನಲ್ಲಿ ಒಪ್ಪಿಸಿದ್ದು ಎಷ್ಟೋ. ನಿಜವಾಗಿ ತಿಳಿಯಬೇಕೆಂದು ಕೇಳಿದ ಮೊದಲನೆಯ ಪ್ರಶ್ನೆ ಅದು. ನಮ್ಮ ಮನೆಯಲ್ಲೂ ಯಾರೂ ಕೇಳಿರಲಿಲ್ಲ. "ನೋ-ನೋಯಲ್ಲ," ಎಂದೆ. "ದಣಿವಾಗತ್ತೆ." ಆಮೇಲೆ ಬೇರೆಯವರೂ ಶುರುಮಾಡಿದರು. ನಿದ್ದೆಯಲ್ಲೂ ಬರುತ್ತಾ? ಹಾಡುವಾಗ? ನಾಯಿಯ ಜೊತೆ ಮಾತಾಡುವಾಗ? ಗ್ರಾಸಾಳ ಅಪ್ಪನಿಗೆ ಫ್ರೆಂಚ್ ಬರುವುದಿಲ್ಲವಂತೆ. ಆಫೀಸುಗಳಲ್ಲಿ ಅವನ ಮಾತನ್ನು ಅವಳೇ ಆಡಬೇಕಂತೆ. "ನನಗೂ ದಣಿವಾಗತ್ತೆ" ಎಂದಳು. ಅವಳ ಮುಖ ನೋಡಿ ನನಗೆ ನಿನ್ನ ನೆನಪಾಯಿತು. ಎಲ್ಲರ ಮಾತು ಆಡುವವರಿಗೂ ದಣಿವಾಗುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಇನ್ಸ್‌ಪೆಕ್ಟರ್ ಬಂದ ದಿನ ಮನೆಯಲ್ಲಿ ಕೂತು ಮದಾಮ್ ಪಿರೇರ್ ಜೊತೆ ಹುರುಳಿಕಾಯಿ ಬಿಡಿಸಿದೆ. ಸಂಜೆ ಮದಾಮ್ ವಾಶ್ರೋ ಕೈಯಲ್ಲಿ ಸೇಬಿನ ಕೇಕು ಹಿಡಿದು ಬಂದರು. ಇನ್ಸ್‌ಪೆಕ್ಟರು ಪೇಟೆಯಲ್ಲಿ ಹೊಸ ಚಾಕು ಕೊಂಡು ಹೆಬ್ಬೆರಳು ಕೊಯ್ದುಕೊಂಡು ಬಟ್ಟೆ ಸುತ್ತಿಕೊಂಡಿದ್ದರಂತೆ. ಅವರು ಬಾಯಿ ತೆರೆಯುವ ಮೊದಲೇ ಗ್ರಾಸಾ ಎದ್ದು ನಿಂತು, "ಸರ್, ಅದು ನೋಯತ್ತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳಂತೆ. "ಇವರಿಗೆ ಪ್ರಶ್ನೆ ಕೇಳೋದನ್ನ ಹೇಳಿಕೊಟ್ಟವರು ಯಾರು?" ಎಂದು ಇನ್ಸ್‌ಪೆಕ್ಟರ್ ಕೇಳಿದರಂತೆ. ಮದಾಮ್ ನನ್ನ ಹೆಸರು ಹೇಳಿದರಂತೆ. ಕೇಕನ್ನು ಮೇಜಿನ ಮೇಲಿಟ್ಟು, "ನನಗಿನ್ನೂ ಸಿಟ್ಟಿದೆ. ಸೋಮವಾರ ಬನ್ನಿ" ಎಂದು ಹೋದರು.

ಅದಿರಲಿ, ಇದೇನು ಲೆಕ್ಕಪತ್ರದ ಕೋರ್ಸು? ಅಂಗಡಿಯ ಚಿಲ್ಲರೆ ಎಣಿಸಲೂ ನನ್ನ ಕೈಗೆ ಕೊಡುತ್ತಿದ್ದವಳು ನೀನು. ಹೋಟೆಲು ಏಕೆ ಬಿಟ್ಟೆ? ಏನೋ ಹೇಳಬೇಕು ಎಂದಿದ್ದೆಯಲ್ಲ, ಅದೇನು?

ಡಿಂಪ್ನಾ


ಡಬ್ಲಿನ್
೧ ಫೆಬ್ರವರಿ ೧೯೮೦

ಡಿಂಪ್ನಾ,

ಈ ಕಾಗದವನ್ನು ಬರೆದು ಹರಿದು ಬರೆದು ಹರಿದು ಸಾಕಾಯಿತು.

ನಾನು ಬಸುರಿ. ಮೇ ತಿಂಗಳಿಗೆ. ಫರ್ಗಲ್‌ಗೆ ತಿಳಿಸಿದೆ, ಉತ್ತರವಿಲ್ಲ. ಕಾರ್ಕ್‌ನ ಆಫೀಸಿಗೆ ಫೋನು ಮಾಡಿದರೆ ಅವನು ಕೆಲಸದ ಮೇಲೆ ಹೊರಗೆ ಹೋಗಿದ್ದಾನೆ ಎನ್ನುತ್ತಾರೆ. ಯಾವಾಗ ಮಾಡಿದರೂ ಹೊರಗೇ.

ಕೋರ್ಸು ಗೀರ್ಸು ಏನೂ ಇಲ್ಲ. ಅತ್ತೆಯ ಮನೆಯ ಹಿಂದಿನ ಕೋಣೆಯಲ್ಲಿರುತ್ತೇನೆ. ಕತ್ತಲಾಗುವವರೆಗೆ ಹೊರಗೆ ಹೋಗಬಾರದು. ಅತ್ತೆ ಎಲ್ಲ ಏರ್ಪಾಟು ಮಾಡಿದ್ದಾಳೆ. ಮಗು ಹುಟ್ಟಿದ ಕೂಡಲೇ ಯಾರೋ ಒಳ್ಳೆಯ ಮನೆತನದವರು ಬಂದು ತೆಗೆದುಕೊಂಡು ಹೋಗುತ್ತಾರಂತೆ. ನಾನು ಏನೂ ಆಗದವಳಂತೆ ಊರಿಗೆ ಹೋಗಬೇಕಂತೆ. "ನಿಮ್ಮಪ್ಪನ ಕಿವಿಗೆ ಬಿದ್ರೆ ಅವನ ಎದೆ ಒಡೆದು ಹೋಗತ್ತೆ. ಸಂತೇಲಿ ತಲೆ ಎತ್ತಿ ನಿಲ್ಲೋ ಮನುಷ್ಯ ಅವನು" ಎನ್ನುತ್ತಾಳೆ. ಕೆಟ್ಟವಳಲ್ಲ. ರಾತ್ರಿ ನನ್ನ ಕಾಲಿಗೆ ಎಣ್ಣೆ ಹಚ್ಚುತ್ತಾಳೆ.

ನನಗೆ ಮಗು ಕೊಡಲು ಇಷ್ಟವಿಲ್ಲ. ಇದನ್ನು ಯಾರಿಗೂ ಹೇಳಿಲ್ಲ, ನಿನಗೆ ಬರೆಯುತ್ತಿದ್ದೇನೆ. ಕ್ರಿಸ್‌ಮಸ್ಸಿಗೆ ಬಾ ಎಂದು ಕರೆದದ್ದು ನಿನ್ನ ಕಷ್ಟಕ್ಕಲ್ಲ ಕಣೇ, ನನ್ನದಕ್ಕೆ.

ಅಪ್ಪನಿಗೆ ಹೇಳಲು ಬೀದಿಯ ಕೊನೆಯ ಫೋನಿನ ಹತ್ತಿರ ಹೋಗುತ್ತೇನೆ. ಅವರ "ಹಲೋ" ಕೇಳಿಸುತ್ತದೆ. ಚಳಿ ಹೇಗಿದೆ, ಕೆಮ್ಮು ಹೇಗಿದೆ ಎಂದು ಕೇಳಿ ಇಟ್ಟುಬಿಡುತ್ತೇನೆ. ಬರೆಯೋಣ ಎಂದರೆ ಓದುವವಳು ಮಿಸೆಸ್ ಟಾನ್ಸಿ. ಊರಿನವರ ಮಾತನ್ನೆಲ್ಲ ಆಡಿದ ನನಗೆ ನನ್ನ ಒಂದು ಮಾತು ಆಡಲು ಬಾಯಿ ಬರುತ್ತಿಲ್ಲ. ನಿನಗೆ ಹೇಗಿರುತ್ತದೆ ಎಂದು ಈಗ ಗೊತ್ತಾಯಿತು.

ಗ್ರಾಸಾಗೆ ನನ್ನ ಪ್ರೀತಿ ತಿಳಿಸು.

ನೂಲಾ


ತಿಯೇರ್
೮ ಫೆಬ್ರವರಿ ೧೯೮೦

ನನ್ನ ಅಕ್ಕಾ,

ನಿನ್ನ ಕಾಗದ ಈಗ ಬಂತು. ಮೆಟ್ಟಿಲ ಮೇಲೆ ಕೂತೇ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ.

ಎರಡು ವಿಷಯ ಕೇಳುತ್ತೇನೆ, ಅವಸರ ಮಾಡದೆ ಯೋಚಿಸಿ ಹೇಳು. ಮಗುವನ್ನು ಇಟ್ಟುಕೊಳ್ಳಬೇಕೆಂಬುದು ನಿನ್ನ ಮನಸ್ಸೇ? ಹೌದಾದರೆ, ಅಪ್ಪನಿಗೆ ನಾನು ಫೋನು ಮಾಡಿ ಹೇಳಲೇ? ನನ್ನ ಬಾಯಿ ಎಂಥದ್ದೆಂದು ನಿನಗೆ ಗೊತ್ತು. ಈ ಜನ್ಮದಲ್ಲಿ ನಾನು ಫೋನಿನಲ್ಲಿ ಇಂಗ್ಲಿಷ್ ಮಾತಾಡಿಲ್ಲ. ಆದರೂ ಹೇಳುತ್ತೇನೆ. ನೀನು ಬೇಡ ಎಂದರೆ ಸಾಯುವವರೆಗೆ ಬಾಯಿ ಬಿಡುವುದಿಲ್ಲ. ನೀನು ಹೇಳಿದ ಹಾಗೆ.

ಡಿಂಪ್ನಾ


ಡಬ್ಲಿನ್
೧೫ ಫೆಬ್ರವರಿ ೧೯೮೦

ಎರಡಕ್ಕೂ ಹೌದು.

ನೂಲಾ


ತಿಯೇರ್
೨೩ ಫೆಬ್ರವರಿ ೧೯೮೦

ಪ್ರೀತಿಯ ಅಕ್ಕ,

ಹೇಳಿದೆ.

ಮದಾಮ್ ಪಿರೇರ್ ಅಂಚೆ ಕಚೇರಿಯವರೆಗೆ ಜೊತೆಗೆ ಬಂದಳು. ವಿಷಯವೆಲ್ಲ ಅವಳಿಗೆ ಹೇಳಿದ್ದೆ, ಕ್ಷಮಿಸು, ಯಾರಿಗಾದರೂ ಹೇಳದೆ ಆಗುತ್ತಿರಲಿಲ್ಲ. "ನನ್ನ ತಂಗಿಗೂ ಹಾಗೇ ಆಗಿತ್ತು, ಯುದ್ಧದ ಕಾಲದಲ್ಲಿ" ಎಂದಷ್ಟೇ ಹೇಳಿ ಶಾಲು ಹೊದ್ದು ಹೊರಟಳು. ಕೌಂಟರಿನವನು ನಂಬರು ಕೂಡಿಸಿ, "ಐರ್ಲೆಂಡ್, ಆ ಕೊನೇ ಫೋನಿನ ಗೂಡಿಗೆ ಹೋಗಿ" ಎಂದ.

ಅಪ್ಪ ಫೋನು ಎತ್ತಿ, "ಹಲೋ, ಯಾರು, ಹೇಳಿ, ಹೇಳಿ" ಎಂದರು. ಸಂತೆಯ ಗಂಟಲು. ಡ್ಯಾಡ್ ಎನ್ನಬೇಕು. ಡ ಎಂಬುದು ಹಲ್ಲಿನ ಹಿಂದೆ ಗೂಟ ಹೊಡೆದಂತೆ ನಿಂತಿತು. ಉಸಿರು ಕೂಡ ಹೊರಡಲಿಲ್ಲ. "ಯಾರೂ ಇಲ್ಲ" ಎಂದು ತಮ್ಮಷ್ಟಕ್ಕೇ ಗೊಣಗಿ ಇಟ್ಟುಬಿಟ್ಟರು.

ಹೊರಗೆ ಬಂದೆ. ಮದಾಮ್ ಪಿರೇರ್ ನನ್ನ ಮುಖ ನೋಡಿ ಕೌಂಟರಿನವನಿಗೆ, "ಇನ್ನೊಂದು ಸಾರಿ ಕೊಡಪ್ಪಾ" ಎಂದಳು. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. "ನಿಮಗೇನು ಗಂಟು ಹೋಗೋದು, ನಿಂತ್ಕೊಳ್ಳಿ" ಎಂದು ಅವರ ಮೇಲೆ ಹರಿಹಾಯ್ದಳು.

ಎರಡನೆಯ ಸಾರಿಯೂ ಅದೇ. ಅಪ್ಪ ಹಲೋ ಹಲೋ ಎಂದರು. ನಾನು ಡ ಹಿಡಿದುಕೊಂಡು ನಿಂತೆ. ಇನ್ನೇನು ಇಟ್ಟುಬಿಡುತ್ತಾರೆ ಎನ್ನುವಾಗ ನಿಲ್ಲಿಸಿದರು. ಆಮೇಲೆ ತುಂಬಾ ತಗ್ಗಿದ ದನಿಯಲ್ಲಿ, "ಡಿಂಪ್ನಾ? ನೀನೇನಾ ಮಗಳೇ?" ಎಂದರು. "ನಾನು ಇಡಲ್ಲ. ನಿಧಾನಕ್ಕೆ ಹೇಳು. ಇಲ್ಲೇ ಇದೀನಿ."

ಅಷ್ಟು ಹೇಳಿ ಸುಮ್ಮನಾದರು, ಅಕ್ಕಾ. ಅಪ್ಪ ಸುಮ್ಮನಿದ್ದದ್ದನ್ನು ನೀನು ಕೇಳಿದ್ದೀಯಾ? ನಾನು ಕೇಳಿರಲಿಲ್ಲ. ಅವರ ಉಸಿರು, ಹಿಂದೆ ಎಲ್ಲೋ ರೇಡಿಯೋ, ಅಷ್ಟೇ. ನಾನು ಒಂದು ಪದ ಆಡಿ ನಿಂತಾಗಲೆಲ್ಲ ಮುಂದಿನದನ್ನು ಅವರು ತುಂಬಲಿಲ್ಲ. ನೂಲಾ ಬಸುರಿ ಎಂದೆ. ಮಗುವನ್ನು ಕೊಡಲು ಅವಳಿಗೆ ಇಷ್ಟವಿಲ್ಲ ಎಂದೆ. ನಿಮಗೆ ಹೇಳಲು ಹೆದರಿದ್ದಾಳೆ, ನಾನೂ ಹೆದರಿದ್ದೇನೆ ಎಂದೆ. ಎಲ್ಲವನ್ನೂ ನಾನೇ ಹೇಳಿ ಮುಗಿಸಿದೆ.

 ಆಮೇಲೆ, "ಅವಳು ಎಲ್ಲಿದಾಳೆ, ಫಿಲೊಮಿನಾ ಮನೇಲೇನಾ?" ಎಂದು ಕೇಳಿದರು. ಹೌದೆಂದೆ. "ಸರಿ" ಎಂದು ಇಟ್ಟರು.

ಇಷ್ಟೇ ನನಗೆ ಗೊತ್ತಿರುವುದು. ಆ "ಸರಿ"ಯನ್ನು ತಲೆಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಒಮ್ಮೆ ಸಿಟ್ಟು ಅನಿಸುತ್ತದೆ, ಒಮ್ಮೆ ಅಲ್ಲ ಅನಿಸುತ್ತದೆ. ಏನೇ ಆಗಿದ್ದರೂ ತಿಳಿಸು. ಕೆಟ್ಟದ್ದಾಗಿದ್ದರೆ ಇಲ್ಲಿಗೆ ಬಂದುಬಿಡು. ಮದಾಮ್ ಪಿರೇರ್ ಹತ್ತಿರ ಇನ್ನೊಂದು ಕೋಣೆ ಇದೆ, ಕೇಳಿದ್ದೇನೆ.

ಮದಾಮ್ ವಾಶ್ರೋ ಇನ್ನೊಂದು ವರ್ಷ ಇರುತ್ತೀರಾ ಎಂದು ಕೇಳಿದರು. ನಾನು ಇನ್ನೂ ಏನೂ ಹೇಳಿಲ್ಲ.

ಡಿಂಪ್ನಾ


ಬ್ಯಾಲಿಮೋಟ್
೯ ಮಾರ್ಚ್ ೧೯೮೦

ಪ್ರೀತಿಯ ಡಿಂಪ್ನಾ,

ಮೇಲಿನ ವಿಳಾಸ ನೋಡಿದೆಯಲ್ಲ, ಮನೆಯಲ್ಲಿದ್ದೇನೆ.

ನೀನು ಫೋನು ಮಾಡಿದ ಮರುದಿನ ಬೆಳಿಗ್ಗೆ ಅತ್ತೆಯ ಬಾಗಿಲು ಬಡಿದ ಸದ್ದಾಯಿತು. ಅಪ್ಪ. ಸಂತೆಯ ಕೋಟು, ಬೂಟಿನಲ್ಲಿ ಕೆಸರು. ದನ ಸಾಗಿಸುವ ಲಾರಿಯಲ್ಲೇ ಬಂದಿದ್ದರು. ಕಾರು ಕೆಟ್ಟಿತ್ತಂತೆ. ಅತ್ತೆ ಅವರನ್ನು ಮುಂದಿನ ಕೋಣೆಗೆ ಕರೆದು ಟೀ ಕೊಟ್ಟು, ಒಳ್ಳೆಯ ಮನೆತನದವರ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಅಪ್ಪ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದರು. ಕೊನೆಗೆ ನನ್ನ ಕಡೆ ನೋಡಿ, "ನಂಗೆ ಸಿಟ್ಟು ಬಂದಿದೆ. ದಾರೀಲಿ ಇನ್ನೂ ಬರತ್ತೆ. ಕೋಟು ಹಾಕ್ಕೋ" ಎಂದರು.

ಬಂತು ಕೂಡ. ಅರ್ಧ ದಾರಿಯವರೆಗೆ ಬೈದರು. ಫರ್ಗಲ್‌ನನ್ನು, ಅವನ ಅಪ್ಪನನ್ನು, ಹೊಳೆಗಳ ಇಲಾಖೆಯನ್ನು, ನನ್ನನ್ನು. ಲಾಂಗ್‌ಫರ್ಡ್ ದಾಟಿದ ಮೇಲೆ ಬೈಗುಳ ಮುಗಿಯಿತು. ಆಗ ಹೇಳಿದರು, "ಆ ಹುಡುಗಿ ಫೋನಲ್ಲಿ ಎಷ್ಟು ಕಷ್ಟಪಟ್ಲು ಗೊತ್ತಾ? ನಾನು ಒಂದು ಸಾಲು ದನ ಮಾರಿಬಿಡ್ತಿದ್ದೆ ಅಷ್ಟು ಹೊತ್ತಿಗೆ. ಆದ್ರೂ ಬಿಡಲಿಲ್ಲ." ನೀನು ಚಿಕ್ಕವಳಿದ್ದಾಗ ಮಾತಾಡಲು ಒದ್ದಾಡುವುದನ್ನು ನೋಡಲಾಗದೆ ಎದ್ದು ಹೋಗುತ್ತಿದ್ದರಂತೆ. "ಅವಳಿಗೆ ನನ್ನ ಕಣ್ಣು ಕಾಣಬಾರದು ಅಂತ" ಎಂದರು. ನಾಚಿಕೆ ಎಂದು ಬರೆದಿದ್ದೆಯಲ್ಲ, ಅದಕ್ಕೆ ತಿಳಿಸುತ್ತಿದ್ದೇನೆ.

ಎಲ್ಲ ಸುಸೂತ್ರ ಎಂದು ತಿಳಿಯಬೇಡ. ಪಾದ್ರಿಗಳು ಬಂದು ಹೋದರು, ಟೀ ಕುಡಿಯಲಿಲ್ಲ. ನನ್ನ ಜೊತೆ ಓದಿದ ಇಬ್ಬರು ನನ್ನನ್ನು ಕಂಡು ರಸ್ತೆ ದಾಟಿದರು. ಹೋಟೆಲಿನವರು ಕೆಲಸ ಖಾಲಿ ಇಲ್ಲ ಎಂದರು, ಖಾಲಿ ಇರುವ ಕುರ್ಚಿ ನನಗೆ ಕಾಣುತ್ತಿತ್ತು. ಅತ್ತೆ ಕಾಗದ ಬರೆಯುವುದನ್ನು ನಿಲ್ಲಿಸಿದ್ದಾಳೆ. ರಾತ್ರಿ ಹೆದರಿಕೆಯಾಗುತ್ತದೆ. ಬೆಳಿಗ್ಗೆ ಅಪ್ಪ ಗಂಜಿ ಸೀಯಿಸಿದ ವಾಸನೆಗೆ ಎಚ್ಚರವಾಗುತ್ತದೆ.

ಇನ್ನೊಂದು ವರ್ಷದ ವಿಷಯ ನಿನಗೆ ತೋಚಿದ ಹಾಗೆ ಮಾಡು. ನಾನು ಏನೂ ಹೇಳುವುದಿಲ್ಲ. ನಾಲಿಗೆ ಕಚ್ಚಿಕೊಂಡು ಬರೆಯುತ್ತಿದ್ದೇನೆ, ಇದು ನನಗೆಷ್ಟು ಕಷ್ಟ ಎಂದು ನಿನಗೆ ಗೊತ್ತು.

ಮೊನ್ನೆಯ ಸಂತೆಯ ವಿಷಯ ಹೇಳಿ ಮುಗಿಸುತ್ತೇನೆ. ಬೆಳಿಗ್ಗೆ ಅಪ್ಪ, "ನೀನೂ ಬಾ" ಎಂದರು. ಬರುವುದಿಲ್ಲ ಎಂದೆ. "ಟಾನ್ಸಿ ಹೇಳೋ ಮೊದ್ಲು ನಾವು ಹೇಳೋಣ" ಎಂದರು. ಹೋಗಿ ಹರಾಜು ನಡೆಯುವ ಶೆಡ್ಡಿನ ಹಿಂದಿನ ಗೋಡೆಗೆ ಒರಗಿ ನಿಂತೆ. ಸುತ್ತ ಮೆಟ್ಟಿಲ ತುಂಬ ಗಂಡಸರು. ನನ್ನ ಹೊಟ್ಟೆ ಎಲ್ಲರಿಗೂ ಕಾಣುವಂತೆ ಇತ್ತು, ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ಅಪ್ಪ ಕಟ್ಟೆ ಹತ್ತಿ ಮೈಕು ಸರಿಮಾಡಿಕೊಂಡರು. ದನ ಬಿಡುವವನಿಗೆ ತಡೆ ಎಂದು ಕೈ ಮಾಡಿದರು.

"ನನ್ನ ದೊಡ್ಡ ಮಗಳು ನೂಲಾ ಮನೆಗೆ ಬಂದಿದಾಳೆ," ಎಂದರು. "ಮೇ ತಿಂಗಳಲ್ಲಿ ಅವಳಿಗೆ ಮಗು ಆಗತ್ತೆ. ಗಂಡ ಇಲ್ಲ. ನಾನು ಅಜ್ಜ ಆಗ್ತೀನಿ. ಯಾರಿಗಾದ್ರೂ ಏನಾದ್ರೂ ಹೇಳೋದಿದ್ರೆ ಈಗ ನನ್ನ ಮುಖ ನೋಡಿ ಹೇಳಿ. ಒಂದು ಸಾರಿ."

 ಹೊರಗೆ ಕರುಗಳು ಕೂಗುತ್ತಿದ್ದವು.

"ಎರಡು ಸಾರಿ," ಎಂದರು ಅಪ್ಪ.

ಆಗ ಮೇಲಿನ ಸಾಲಿನಿಂದ ಒಂದು ಕೈ ಎದ್ದಿತು. ಪ್ಯಾಕಿ ಬ್ರೆನನ್, ಮೂರು ಮಕ್ಕಳೂ ಇಂಗ್ಲೆಂಡಿಗೆ ಹೋದ ಮೇಲೆ ಯಾರ ಹತ್ತಿರವೂ ಮಾತಾಡದ ಮುದುಕ. ಬಾಗಿಲು ಎಷ್ಟು ದೂರವಿದೆ ಎಂದು ನೋಡಿದೆ.

"ಏನು ಪ್ಯಾಕಿ?"

"ನಮ್ಮನೇಲಿ ಒಂದು ತೊಟ್ಟಿಲಿದೆ," ಎಂದ. "ಕೋಳಿ ಮೊಟ್ಟೆ ಇಡ್ತಾ ಇದಾವೆ ಅದ್ರಲ್ಲಿ. ತೊಳೆದು ಕೊಡ್ತೀನಿ."

ಅಪ್ಪ ಪ್ಯಾಕಿಯ ಕಡೆ ತಲೆ ಬಾಗಿಸಿದರು. ಆಮೇಲೆ ಸುತ್ತಿಗೆಯನ್ನು ಮೇಜಿಗೆ ಹೊಡೆದು, ಮೊದಲನೆಯ ದನವನ್ನು ಒಳಗೆ ಬಿಡು ಎಂದರು.

ನಿನ್ನ ಅಕ್ಕ,
ನೂಲಾ